ಖಳನಾಯಕ ನಗಲಿಲ್ಲ

ಹಗಲೆಲ್ಲ ಹೊಲಿಗೆ ಯಂತ್ರ ತುಳಿಯುವ ಟೈಲರ್ ಭಾವ ಸಂಜೆಯಾದರೆ ಆರ್ಕೆಸ್ಟ್ರಾದ ಖಳನಾಯಕ. ಎಲ್ಲರೂ ಬಿಟ್ಟುಹೋದ ಖಳನೊಬ್ಬ ಖಾಲಿ ಬಂಗಲೆಯಲ್ಲಿ ಕೂತು ಹಾಡುವ ಜನಪ್ರಿಯ ಸಿನಿಮಾ ಹಾಡು ಅವರ ಪಾಲಿಗೆ ಬಂದಿತ್ತು. ಹಾಡಿಗೆ ಮೊದಲು ಗಹಗಹಿಸಿ ನಗುವುದು ತಂಡದ ವಾಡಿಕೆ. ನಗುವುದಿಲ್ಲ ಎಂದು ಭಾವ ಹಟ ಹಿಡಿದಿದ್ದರು.

"ಭಾವ, ನಗದಿದ್ರೆ ಜನ ಎದ್ದು ಹೋಗ್ತಾರೆ. ಇವತ್ತು ಹಾಗಾದ್ರೆ ಈ ಹಾಡು ಬೇರೆಯವರಿಗೆ," ಎಂದ ತಂಡದ ಯಜಮಾನ, ತನ್ನ ಅಕ್ಕನ ಗಂಡ ಎಂಬ ಮುಲಾಜೂ ಇಲ್ಲದೆ.

"ಒಬ್ಬನೇ ಕೂತೋನು ಯಾರಿಗೆ ಕೇಳ್ಲಿ ಅಂತ ನಗ್ತಾನೋ?"

ವೇದಿಕೆಯಲ್ಲಿ ಭಾವ ಎರಡು ಕುರ್ಚಿ ಹಾಕಿಸಿ ಒಂದರಲ್ಲಿ ಕೂತರು. ಇನ್ನೊಂದರತ್ತ ಯಾರೋ ಇದ್ದಾರೇನೋ ಎಂಬಂತೆ ತಿರುಗಿ, ಯಾರೂ ಇಲ್ಲವೆಂದು ಅರಿತವರ ಹಾಗೆ ಮೆಲ್ಲಗೆ ಹಾಡಿದರು. ಗೇಲಿ ಮಾಡಲೆಂದೇ ಬಂದವರೂ ಮುಂದಕ್ಕೆ ಬಾಗಿ ಕೇಳಿದರು. ಹಾಡು ಮುಗಿದರೂ ಚಪ್ಪಾಳೆಯಿಲ್ಲ. ಯಜಮಾನನ ಮುಖ ಹುಳ್ಳಗಾಯಿತು.

ಆಗ ಹಿಂದಿನ ಸಾಲಿನಿಂದ ಅಜ್ಜಿಯೊಬ್ಬರು ಕೂಗಿದರು: "ಅಯ್ಯೋ ಪಾಪ, ಯಾರಾದ್ರೂ ಹೋಗಿ ಅವನ ಪಕ್ಕ ಕೂತ್ಕೊಳ್ರೋ!"

ಸಭೆಯೆಲ್ಲ ನಕ್ಕು ಚಪ್ಪಾಳೆ ಸುರಿಸಿತು. ಯಜಮಾನ ತಂಡದವರತ್ತ ತಿರುಗಿ, "ಇನ್ಮೇಲೆ ಭಾವನ ಹಾಡಿಗೆ ಯಾರೂ ಕೈ ಹಾಕಬೇಡಿ. ನಗೋ ಮಾತು ಎತ್ತಲೂಬೇಡಿ," ಎಂದ.