ಬಸ್ಸು ತಿರುಗುವ ಅಂಗಳ

ಬೆಳಿಗ್ಗೆ ಆರೂ ಮುಕ್ಕಾಲು. ಪದ್ಮಾಕ್ಷಿ ಅಂಗಳ ಗುಡಿಸಿ, ಬಿದ್ದ ತೆಂಗಿನ ಮಡಲನ್ನು ಬದಿಗೆಳೆದು ಬಸ್ಸಿಗೆ ಕಾಯುತ್ತಾರೆ. ಎಲ್ಲಿಗೂ ಹೋಗುವುದಕ್ಕಲ್ಲ. ಮೂಡುಬಿದಿರೆಯಿಂದ ವೇಣೂರು ದಾಟಿ ನೆಲ್ಲಿಪಲ್ಕೆಗೆ ಬರುವ ಬಸ್ಸು ತಿರುಗುವುದೇ ಇವರ ಅಂಗಳದಲ್ಲಿ. 'ಬರ್ಲಿ, ಬರ್ಲಿ... ಸಾಕು' ಎಂದು ಅವರು ಕೈ ಎತ್ತಿದರೆ ಬಸ್ಸು ಗಕ್ಕನೆ ನಿಲ್ಲುತ್ತದೆ. 'ಕನ್ನಡಿಗಿಂತ ನನಗೆ ಅಕ್ಕನ ಕೈ ಮೇಲೆ ನಂಬಿಕೆ ಜಾಸ್ತಿ' ಎನ್ನುತ್ತಾರೆ ಚಾಲಕ ಲೋಕನಾಥ.

ಐವತ್ತೆರಡರ ಪದ್ಮಾಕ್ಷಿ ಬೀಡಿ ಕಟ್ಟುವವರು. ದಿನಕ್ಕೆ ಏಳುನೂರು ಬೀಡಿ, ನಡುವೆ ನಾಲ್ಕು ಸಲ ಬಸ್ಸು. ಹಾರ್ನ್ ಕೇಳಿದರೆ ಮಡಿಲ ಮೊರ ಕೆಳಗಿಟ್ಟು ಏಳಬೇಕು. ಇದಕ್ಕೆ ಸಂಬಳವಿಲ್ಲ, ಸನ್ಮಾನವಂತೂ ಇಲ್ಲವೇ ಇಲ್ಲ. ಶಾಲು, ಹಾರಗಳೆಲ್ಲ ರಸ್ತೆ ಉದ್ಘಾಟಿಸಿದವರ ಹೆಗಲಿಗೆ ಹೋದವು.

ಏಳು ವರ್ಷದ ಹಿಂದೆ ಕಾಂಕ್ರೀಟ್ ರಸ್ತೆ ಬಂದು ಇವರ ಮನೆಯೆದುರೇ ಮುಗಿಯಿತು. ಮುಂದೆ ಗುಡ್ಡ, ಪಕ್ಕದಲ್ಲಿ ನೀರು ಹರಿಯುವ ತೋಡು. ಬಸ್ಸಿನವರು ನೋಡಿ, 'ತಿರುಗಿಸಲಿಕ್ಕೆ ಜಾಗ ಇಲ್ಲ' ಎಂದು ಹೊರಟೇಬಿಟ್ಟರು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಹಾಗಾಯಿತು. ಪೇಟೆಯಲ್ಲಿ ಐದು ನಿಮಿಷಕ್ಕೊಂದು ಬಸ್ಸು. ಇಲ್ಲಿ ಹೊಚ್ಚಹೊಸ ರಸ್ತೆಯ ಮೇಲೂ ನಾಲ್ಕು ಕಿಲೋಮೀಟರ್ ನಡಿಗೆ. ನೆರೆಮನೆಯ ನಸೀಬಾ ಅವರ ಮಗಳು ಶಹಲಾಳ ಕಾಲೇಜು ನಿಲ್ಲುವುದರಲ್ಲಿತ್ತು.

ಬಸ್ಸು ತಿರುಗುವಷ್ಟು ಜಾಗ ಪದ್ಮಾಕ್ಷಿಯವರ ಅಂಗಳದಲ್ಲಿತ್ತು. ಅಡ್ಡವಿದ್ದದ್ದು ನಡುವಿನ ತುಳಸಿಕಟ್ಟೆ. ಪದ್ಮಾಕ್ಷಿ ಪೂಜೆ ಮಾಡಿಸಿ ಅದನ್ನು ಬದಿಗೆ ಸರಿಸಿದರು. ಅತ್ತೆ ಒಂದು ತಿಂಗಳು ಮಾತು ಬಿಟ್ಟರು. 'ತುಳಸಿ ಎಲ್ಲಿ ನೆಟ್ಟರೂ ತುಳಸಿಯೇ. ಬಸ್ಸಿಗೆ ಬೇರೆ ಜಾಗ ಉಂಟಾ ಮಾರಾಯ್ರೆ?' ಎಂದು ಪದ್ಮಾಕ್ಷಿ ಈಗ ನಗುತ್ತಾರೆ. ಮೊದಲ ಮಳೆಗೆ ಚಕ್ರ ಹೂತು, 'ನಾಳೆಯಿಂದ ಬರುವುದಿಲ್ಲ' ಎಂದರು ಬಸ್ಸಿನವರು. ಆ ಸಂಜೆಯೇ ಗಂಡ ಶೇಷಪ್ಪನೂ ನಸೀಬಾ ಅವರೂ ಜೊತೆಗೂಡಿ, ರಾತ್ರಿಯಿಡೀ ದುಡಿದು ಚಕ್ರ ಓಡುವಲ್ಲೆಲ್ಲ ಕೆಂಪುಕಲ್ಲು ಹಾಸಿಬಿಟ್ಟರು. ಸುದ್ದಿ ತಿಳಿದು ಮರುದಿನ ಬಸ್ಸು ಬಂತು.

ಶಹಲಾ ಈಗ ಮೂಡುಬಿದಿರೆಯಲ್ಲಿ ನರ್ಸ್. ಹೋಗಿಬರುವುದು ಅದೇ ಬಸ್ಸಿನಲ್ಲಿ. 'ಪದ್ಮಕ್ಕ ಅಂಗಳ ಕೊಡದಿದ್ದರೆ ನನ್ನ ಮಗಳು ಮನೆಯಲ್ಲೇ ಕೂರ್ತಿದ್ದಳು. ದಿನಾ ಅವರಿಗಾಗಿ ದುಆ ಮಾಡ್ತೇನೆ' ಎನ್ನುವಾಗ ನಸೀಬಾ ಅವರ ಕಣ್ಣು ತುಂಬುತ್ತದೆ. ಕೇಳಿದವರಿಗೂ ಕೈ ಮುಗಿಯಬೇಕೆನಿಸುತ್ತದೆ.

ನಿಮಗೇನು ಬೇಕು ಎಂದು ಕೇಳಿದರೆ ಪದ್ಮಾಕ್ಷಿ ಗುಡ್ಡದ ಕಡೆ ಕೈ ತೋರಿಸುತ್ತಾರೆ. ಮೇಲೆ ಹದಿನಾಲ್ಕು ಮನೆಗಳಿವೆ. ಅಲ್ಲಿಯವರು ಬಸ್ಸಿಗೆ ಇನ್ನೂ ನಡೆದೇ ಇಳಿಯಬೇಕು.

'ಪೇಟೆಯವರಿಗೆ ರಸ್ತೆ ಅಗಲ ಆಗ್ತಾ ಉಂಟು. ನಮಗೆ ಸ್ವಲ್ಪ ಉದ್ದ ಆದರೆ ಸಾಕು. ಒಂದು ದಿನ ಈ ಬಸ್ಸು ನನ್ನ ಅಂಗಳಕ್ಕೆ ಬಾರದೆ ಸೀದಾ ಮೇಲೆ ಹೋಗಬೇಕು. ನಾನು ಜಗಲಿಯಲ್ಲಿ ಕೂತು ನೋಡ್ತೇನೆ.'