ಗಿಳಿಹಸಿರು ಗೋಡೆ

ಕತ್ತರಿ ಅತ್ತೆ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಗಂಡ ಹಾಸಿಗೆ ಹಿಡಿದ ವರ್ಷ ಅವನ ಕತ್ತರಿಯನ್ನು ಕೈಗೆತ್ತಿಕೊಂಡವಳು ಅವಳು. ಹೆಂಗಸು ಕ್ಷೌರ ಮಾಡುವುದೇ ಎಂದು ಮೂಗು ಮುರಿದವರೇ ಒಬ್ಬೊಬ್ಬರಾಗಿ ಬಂದು ಅವಳ ಮುಂದೆ ತಲೆ ಬಗ್ಗಿಸಿ ಕೂರುವಂತಾಯಿತು.

ಅವಳ ತಮ್ಮನ ಮಗಳು ಹಾಡು ಕಟ್ಟಿ ಹಾಡುತ್ತಿದ್ದಳು. ಯಾವ ಕಂಪನಿಯ ಹಂಗೂ ಇಲ್ಲದೆ, ತಾನೇ ರೆಕಾರ್ಡ್ ಮಾಡಿ, ಗೆಳೆಯರಿಂದ ವಿಡಿಯೋ ಮಾಡಿಸಿ ಇಂಟರ್‌ನೆಟ್ಟಿಗೆ ಹಾಕುತ್ತಿದ್ದಳು. ಕೈಬಿಟ್ಟು ಹೋದ ಹುಡುಗನ ಮೇಲೆ ಕಟ್ಟಿದ ಹೊಸ ಹಾಡನ್ನು ಅತ್ತೆಯ ಅಂಗಡಿಯಲ್ಲೇ ಚಿತ್ರೀಕರಿಸಬೇಕೆಂದಳು. ಅತ್ತೆಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಿರುಕು ಬಿಟ್ಟು ಸುಣ್ಣ ಉದುರುತ್ತಿದ್ದ ಗೋಡೆಯನ್ನು ಕೆರೆಸಿ, ಝಗಝಗಿಸುವ ಗಿಳಿಹಸಿರು ಬಣ್ಣ ಹೊಡೆಸಿದಳು.

ಕ್ಯಾಮೆರಾದವನು ಒಳಗೆ ಕಾಲಿಟ್ಟವನೇ ತಲೆಯ ಮೇಲೆ ಕೈಹೊತ್ತು ಕುಳಿತ.

"ಆಂಟಿ, ಆ ಹಳೇ ಗೋಡೆ ಎಲ್ಲಿ? ಅದಕ್ಕೋಸ್ಕರನೇ ಬಂದಿದ್ದು ನಾವು."

"ಕಸದ ಜೊತೆ ಹೋಯ್ತು."

ಅವನು ತಾಳ್ಮೆಯಿಂದ ಬಿಡಿಸಿ ಹೇಳಿದ. ಇಂಥ ವಿಡಿಯೋಗಳಿಗೆ ಅವುಗಳದೇ ಒಂದು ಕಳೆ ಇರಬೇಕಂತೆ: ಮಾಸಿದ ಬಣ್ಣ, ಹಳೆಯ ಟೇಪಿನಂತೆ ಮಸುಕಾದ ಚಿತ್ರ, ನಟ್ಟನಡುವೆ ನಿಂತು ಕಣ್ಣು ಮಿಟುಕಿಸದೆ ನೋಡುವ, ನಗದ ಮುಖ. ಗೋಡೆಗೆ ಬಿರುಕಿನ ಚಿತ್ರವಿರುವ ಕಾಗದ ಅಂಟಿಸಿದರಾಯಿತು, ಅತ್ತೆ ಪಕ್ಕದಲ್ಲಿ ಗೊಂಬೆಯಂತೆ ನಿಂತರಾಯಿತು.

"ಆ ಬಿರುಕು ನೋಡ್ಕೊಂಡೇ ನನ್ನ ಅರ್ಧ ಆಯಸ್ಸು ಹೋಯ್ತಪ್ಪ. ಈಗ ಓಡಿಸಿದ್ದನ್ನ ವಾಪಸ್ ಅಂಟಿಸೋಕೆ ಬಂದಿದೀಯಾ? ಒಂದು ಚೂರು ಕಾಗದ ಅಂಟಿದ್ರೂ ನಿನ್ನ ಕ್ಯಾಮೆರಾ ಬೀದೀಲಿರುತ್ತೆ. ಮುಖ ಗಂಟು ಹಾಕ್ಕೊಂಡು ನಿಲ್ಲೋದೂ ನನ್ನ ಕೈಲಾಗಲ್ಲ."

"ಅತ್ತೆ, ಒಂದಿನದ ಮಟ್ಟಿಗೆ..." ಹುಡುಗಿ ಗೋಗರೆದಳು.

"ನಿಂಗೂ ಸೇರಿಸೇ ಹೇಳ್ತಿರೋದು. ಅಳೋ ಹಾಡಾದ್ರೆ ನೀನು ಅಳು. ನನ್ನ ಅಂಗಡಿ ಯಾಕೆ ಅಳ್ಬೇಕು?"

ಹುಡುಗಿ ಕನ್ನಡಿಯತ್ತ ತಿರುಗಿದಳು. ಆಮೇಲೆ ಕುರ್ಚಿಯಲ್ಲಿ ಕುಳಿತು ಸೊಂಟದುದ್ದದ ಜಡೆ ಬಿಚ್ಚಿದಳು. ಕೈಬಿಟ್ಟು ಹೋದವನಿಗೆ ಅದರ ಮೇಲೆ ಬಲು ಮೋಹವಿತ್ತು.

"ಕತ್ತರಿಸು ಅತ್ತೆ. ನಾನು ಹಾಡ್ತೀನಿ. ನೀನು ದಿನಾ ಹೇಗಿರ್ತೀಯೋ ಹಾಗೇ ಇರು."

ಕ್ಯಾಮೆರಾದವನು ಗೊಣಗುತ್ತಲೇ ಕ್ಯಾಮೆರಾ ಎತ್ತಿದ. ಅತ್ತೆ ಕತ್ತರಿ ಆಡಿಸುತ್ತ, "ಆ ಹುಡುಗನ ತಲೆ ನಾನೇ ನೋಡಿದ್ದೆ ಕಣೇ, ಹೊಟ್ಟು ಬಿಟ್ರೆ ಇನ್ನೇನೂ ಇರ್ಲಿಲ್ಲ" ಎಂದು ನಕ್ಕಳು. ಹುಡುಗಿಯೂ ಸಾಲಿನ ನಡುವೆ ಕಿಸಕ್ಕನೆ ನಕ್ಕಳು. ಕಣ್ಣಲ್ಲಿ ನೀರಿತ್ತು, ಹಾಡು ಮಾತ್ರ ನಿಲ್ಲಲಿಲ್ಲ.

ಕೆಲವು ದಿನಗಳ ನಂತರ ಕ್ಯಾಮೆರಾದವನು ವಿಡಿಯೋ ಸಿದ್ಧಮಾಡಿ ಕಳಿಸಿದ. ಗೋಡೆಯ ಹಸಿರು ಬೂದು ಬಣ್ಣಕ್ಕೆ ತಿರುಗಿತ್ತು. ಇಬ್ಬರ ನಗುವನ್ನೂ ಕತ್ತರಿಸಿ ಎಸೆದಿದ್ದ. ಈ ಸಲ ಅತ್ತೆ ಬಾಯಿ ತೆರೆಯುವ ಮೊದಲೇ ಹುಡುಗಿ ಅವನಿಗೆ ಫೋನು ಮಾಡಿದಳು.

"ಹಸಿರು ಹಸಿರಾಗೇ ಇರ್ಲಿ, ನಗೂನೂ ಇರ್ಲಿ. ಆಗಲ್ಲ ಅಂದ್ರೆ ಶೂಟ್ ಮಾಡಿದ್ದನ್ನೆಲ್ಲ ಕಳ್ಸು, ನಾನೇ ಜೋಡಿಸ್ಕೋತೀನಿ."

ಅವನು ಎರಡು ದಿನ ಮುನಿಸಿಕೊಂಡು, ಮೂರನೆಯ ದಿನ ಹಾಗೇ ಮಾಡಿಕೊಟ್ಟ.

ವಿಡಿಯೋ ನೋಡಿದವರು ಹೆಚ್ಚೇನಿಲ್ಲ. ಹುಡುಗಿಗೆ ರಾತ್ರೋರಾತ್ರಿ ಹೆಸರೂ ಬರಲಿಲ್ಲ. ಯಾರೋ ಒಬ್ಬ ಕೆಳಗೆ ಬರೆದಿದ್ದ: "ಆ ಆಂಟಿ ನಕ್ಕು ಹಾಡನ್ನೇ ಕೆಡಿಸಿಬಿಟ್ಟಳು." ಹುಡುಗಿ ಫೋನು ಮರೆಮಾಡಲು ನೋಡಿದಳು. ಅತ್ತೆ ಕಿತ್ತುಕೊಂಡು ಓದಿದಳು, ಕೈಗಂಟಿದ ಕೂದಲು ಕೊಡವಿದಳು.

"ಅವನಿಗೆ ಹೀಗಂತ ಬರಿ," ಎಂದಳು. "ಅಂಗಡಿ ತೆಗೆದೇ ಇರುತ್ತೆ, ಬಂದು ಕುರ್ಚೀಲಿ ಕೂತ್ಕೋ. ಕೈಯಲ್ಲಿ ಕತ್ತರಿ ಹಿಡ್ಕೊಂಡೇ ಮಾತಾಡೋಣಂತೆ."