‘ಸುಮ್ಮನೆ’ ಅಂದರೆ ಯಾವ ಸುಮ್ಮನೆ?

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪ್ರಾಣಿಗಳ ಆಸ್ಪತ್ರೆಯ ಬಾಗಿಲ ಪಕ್ಕದ ಕಿರುಕೋಣೆಯಲ್ಲಿ, ಬರುವ ಕರೆಗಳಿಗೆಲ್ಲ ಉತ್ತರಿಸುವ ‘ಫೋನಕ್ಕ’ ಮೇಜು ಒರೆಸಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲೇ ಫೋನು ಬಡಿದುಕೊಳ್ಳುತ್ತದೆ. ಆ ಕಡೆ ಮಾತಾಡುತ್ತಿರುವವರು ಒಬ್ಬ ಕ್ಷೌರಿಕರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರ ಗಂಡು ಬೆಕ್ಕು ರಾತ್ರಿಯೆಲ್ಲ ಮರಳಿನ ತಟ್ಟೆಗೆ ಹೋಗಿ ಕೂತು ತಿಣುಕಿದೆ, ಕೂಗಾಡಿದೆ.

“ಮಲಬದ್ಧತೆ ಇರ್ಬೇಕು ಅಕ್ಕಾ. ಹರಳೆಣ್ಣೆ ಎಷ್ಟು ಕುಡಿಸ್ಲಿ, ಅಷ್ಟು ಹೇಳಿ ಸಾಕು. ಈಗೇನೂ ತೊಂದರೆ ಇಲ್ಲ, ಸುಮ್ಮನೆ ಮಲಗಿದೆ.”

ಸುಮ್ಮನೆ. ಆ ಪದ ಕಿವಿಗೆ ಬಿದ್ದದ್ದೇ ಫೋನಕ್ಕನ ಬೆನ್ನು ನೆಟ್ಟಗಾಗುತ್ತದೆ.

“ಸುಮ್ಮನೆ ಅಂದ್ರೆ ಯಾವ ಸುಮ್ಮನೆ, ಅಣ್ಣ? ಹೆಸರು ಹಿಡಿದು ಕರೆದ್ರೆ ಕಿವಿಯಾದ್ರೂ ತಿರುಗಿಸುತ್ತಾ?”

ದೂರದಲ್ಲಿ ಲೊಚಗುಟ್ಟುವ ಸದ್ದು. “ಇಲ್ಲ.”

“ತಟ್ಟೆಯ ಮರಳು ಮುಟ್ಟಿ ನೋಡಿ. ಒದ್ದೆ ಇದೆಯಾ?”

“ಒಣಗಿದೆ. ಎಲ್ಲೂ ಒಂದು ಹನಿ ಇಲ್ಲ.”

“ಹಾಗಾದ್ರೆ ಎಣ್ಣೆ ಬೇಡ. ಮನೆಯ ಮಾತ್ರೆ ಯಾವುದೂ ಬೇಡ. ಹೊಟ್ಟೆ ಒತ್ತೋಕೆ ಹೋಗ್ಬೇಡಿ. ಬುಟ್ಟೀಲಿ ಬಟ್ಟೆ ಹಾಸಿ, ಮಲಗಿಸ್ಕೊಂಡು ಈಗಲೇ ಬನ್ನಿ.”

“ಈಗಲೇನಾ? ಗಿರಾಕಿ ಕುರ್ಚೀಲಿ ಕೂತಿದ್ದಾರೆ ಅಕ್ಕಾ, ಗಡ್ಡ ಅರ್ಧ ಆಗಿದೆ.”

“ಅರ್ಧ ಗಡ್ಡಕ್ಕೆ ಯಾರೂ ಸಾಯಲ್ಲ ಅಣ್ಣ. ಉಚ್ಚೆ ಕಟ್ಟಿಕೊಂಡ್ರೆ ಬೆಕ್ಕು ಸಾಯುತ್ತೆ.”

ಕರೆ ಕಡಿದುಹೋಗುತ್ತದೆ. ಬರುತ್ತಾರೋ ಇಲ್ಲವೋ ತಿಳಿಯದು. ಫೋನಕ್ಕ ಒಳಗಿನ ಡಾಕ್ಟರಿಗೆ ವಿಷಯ ಮುಟ್ಟಿಸಿ, ಗೇಟಿನ ಕಡೆ ಕಣ್ಣು ನೆಟ್ಟು ಕೂರುತ್ತಾರೆ.

ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತೀರಾ ಕಿರಿದು. ಮೂತ್ರದಲ್ಲಿ ಕಟ್ಟುವ ಹರಳಿನ ಪುಡಿಯೂ ಲೋಳೆಯೂ ಅಲ್ಲಿ ಸಿಕ್ಕಿಕೊಂಡರೆ ಮೂತ್ರ ನಿಲ್ಲುತ್ತದೆ. ಹೊರಹೋಗಬೇಕಾದ ಕಶ್ಮಲ ರಕ್ತದಲ್ಲೇ ಉಳಿಯುತ್ತದೆ. ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪತೊಡಗುತ್ತದೆ. ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು. ನೋಡುವವರ ಕಣ್ಣಿಗೆ ಅದು ಮಲಬದ್ಧತೆಯಂತೆಯೇ ಕಾಣುತ್ತದೆ, ಏಕೆಂದರೆ ಬೆಕ್ಕು ಕೂರುವ ಭಂಗಿ ಎರಡಕ್ಕೂ ಒಂದೇ. ಕೊನೆಗೆ ಕೂಗಲೂ ತ್ರಾಣವಿಲ್ಲದೆ ಅದು ಬಿದ್ದುಕೊಂಡಾಗ ಮನೆಯವರು ‘ಸದ್ಯ, ನೋವು ಇಳಿಯಿತು’ ಎಂದುಕೊಳ್ಳುತ್ತಾರೆ.

ಫೋನಕ್ಕ ಇಲ್ಲಿಗೆ ಬಂದದ್ದು ನೆಲ ಒರೆಸುವ ಕೆಲಸಕ್ಕೆ. ಫೋನಿನ ಮುಂದೆ ಕೂರುತ್ತಿದ್ದವರು ಕೆಲಸ ಬಿಟ್ಟಾಗ ಇವರನ್ನು ಕೂರಿಸಿದರು. “ಎರಡು ದಿನ ಅಂದಿದ್ರು. ಅಷ್ಟರಲ್ಲಿ ತಲೆ ನರೆತುಹೋಯ್ತು,” ಎಂದು ನಗುತ್ತಾರೆ. ದಿನಕ್ಕೆ ನಲವತ್ತು, ಐವತ್ತು ಕರೆಗಳು. ಬಹುಪಾಲು ಲಸಿಕೆ, ಉಗುರು, ಚಿಗಟದ ಮಾತು. ಅವುಗಳ ನಡುವೆ ಎಲ್ಲೋ ಒಂದು ಜೀವ ನೂಲಿನಲ್ಲಿ ನೇತಾಡುತ್ತಿರುತ್ತದೆ, ಆ ಕರೆಯೂ ಲಸಿಕೆ ವಿಚಾರಿಸುವ ದನಿಯಲ್ಲೇ ಬರುತ್ತದೆ.

“ವಾರ್ಡ್ ಒರೆಸ್ತಿದ್ದಾಗ ನೋಡ್ತಿದ್ದೆ. ಬಾಯಿ ಮಾಡೋ ಬೆಕ್ಕಿನ ಹತ್ರ ಡಾಕ್ಟರು ನಡೆದು ಹೋಗ್ತಿದ್ರು. ಮೂಲೆ ಸೇರಿ ಸುಮ್ಮನಾದದ್ದರ ಹತ್ರ ಓಡ್ತಿದ್ರು. ಏನೇನು ಕೇಳ್ಬೇಕು ಅಂತ ಅವರೇ ಕಲಿಸಿದ್ದು. ಪ್ರಶ್ನೆ ಅವರದು, ಗಂಟಲು ನಂದು.”

ಸಂಜೆ ಮನೆ ಸೇರುವಾಗ ಆ ಗಂಟಲು ಕೂತುಹೋಗಿರುತ್ತದೆ. ಅತ್ತೆಗೆ ಉಬ್ಬಸವಾದ್ದರಿಂದ ಮನೆಯಲ್ಲಿ ಬೆಕ್ಕು ಸಾಕುವಂತಿಲ್ಲ. “ಊರ ಬೆಕ್ಕಿಗೆಲ್ಲ ಇವಳೇ ದಿಕ್ಕು. ನಮ್ಮನೇಲಿ ಮಾತ್ರ ಇಲಿಗಳ ರಾಜ್ಯಭಾರ,” ಎಂದು ಅತ್ತೆ ಚುಚ್ಚುತ್ತಾರೆ; ಚುಚ್ಚುತ್ತಲೇ ಬಿಸಿನೀರು ಕಾಯಿಸಿ ಕೊಡುತ್ತಾರೆ.

ಗೇಟು ಕಿರ್ರೆನ್ನುತ್ತದೆ. ಬುಟ್ಟಿ ಅವಚಿಕೊಂಡು ಕ್ಷೌರಿಕರು ಬರುತ್ತಿದ್ದಾರೆ. ಹಿಂದೆಯೇ ಇನ್ನೊಬ್ಬರು: ಕುತ್ತಿಗೆಗೆ ಟವೆಲು, ಒಂದು ಕೆನ್ನೆ ನುಣುಪು, ಇನ್ನೊಂದರಲ್ಲಿ ಒಣಗಿದ ನೊರೆ.

“ಗಾಡಿ ನಂದು,” ಎನ್ನುತ್ತಾರೆ ಗಿರಾಕಿ. “ನೀವು ಸಾಯುತ್ತೆ ಅಂದದ್ದೇ ತಡ, ಇವನ ಕೈ ನಡುಗೋಕೆ ಶುರುವಾಯ್ತು. ಆ ಕೈಗೆ ಕತ್ತು ಕೊಡೋದಕ್ಕಿಂತ ಇಲ್ಲಿಗೆ ಬರೋದೇ ವಾಸಿ ಅನ್ನಿಸ್ತು.”

ಬುಟ್ಟಿ ಒಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಕ್ಷೌರಿಕರು ಬೆಂಚಿನ ತುದಿಯಲ್ಲಿ ತಮ್ಮ ಕೈಗಳನ್ನೇ ನೋಡುತ್ತಾ ಕೂರುತ್ತಾರೆ. ಫೋನಕ್ಕ ಯಾರಿಗೋ ಉಗುರು ಕತ್ತರಿಸುವ ಸಮಯ ಹೇಳುತ್ತಾರೆ. ಕಣ್ಣು ಮಾತ್ರ ಆ ಬಾಗಿಲ ಮೇಲೆ.

ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಡಾಕ್ಟರು ಹೊರಬರುತ್ತಾರೆ. “ಮೂತ್ರಕೋಶ ತುಂಬಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಸಣ್ಣ ಕೊಳವೆ ಇಳಿಸಿದ್ದೀವಿ, ಮೂತ್ರ ಹೋಗ್ತಿದೆ. ಹೃದಯದ ಬಡಿತವೂ ದಾರಿಗೆ ಬರ್ತಿದೆ. ಕೆಲವು ದಿನ ಇಲ್ಲೇ ಇರಲಿ. ಇವತ್ತು ಸಂಜೆವರೆಗೆ ತಡ ಮಾಡಿದ್ರೆ ನಾನು ಈ ಮಾತು ಹೇಳ್ತಿರಲಿಲ್ಲ.”

ಅಷ್ಟರಲ್ಲಿ ಒಳಗಿನಿಂದ ಕರ್ಕಶವಾದ ಒಂದು ಕೂಗು. ಕ್ಷೌರಿಕರು ಗಾಬರಿಯಿಂದ ಎದ್ದು ನಿಲ್ಲುತ್ತಾರೆ.

“ಬಯ್ಯಲಿ ಬಿಡಿ ಅಣ್ಣ,” ಎನ್ನುತ್ತಾರೆ ಫೋನಕ್ಕ. “ಈಗ ಅದು ಎಷ್ಟು ಬಯ್ದ್ರೂ ನಮಗೆ ಹಬ್ಬ.”

ಎಲ್ಲ ಕರೆಗಳೂ ಹೀಗೆ ಮುಗಿಯುವುದಿಲ್ಲ. ಇವರು ಓಡಿಬರಲು ಹೇಳಿದ ಎಷ್ಟೋ ಬೆಕ್ಕುಗಳಿಗೆ ನೋಡಿದರೆ ಏನೂ ಆಗಿರುವುದಿಲ್ಲ. ಕೆಲಸ ಬಿಟ್ಟು ಬಂದವರು ಹೋಗುವಾಗ ಈ ಕಿಟಕಿಯ ಮುಂದೆ ನಿಂತು ‘ಸುಮ್ಮನೆ ಕರೆಸಿದ್ರಿ’ ಎಂದು ರೇಗುತ್ತಾರೆ. ಬೇಸರವಾಗುವುದಿಲ್ಲವೇ ಎಂದರೆ ಫೋನಕ್ಕ ಲೋಟದ ನೀರು ಮುಗಿಸಿ, ಮತ್ತೆ ಬಡಿದುಕೊಳ್ಳುತ್ತಿರುವ ಫೋನಿಗೆ ಕೈ ಚಾಚುತ್ತಾರೆ.

“ನನಗಿರೋದು ಅದೊಂದೇ ಆಸೆ. ಬೆಕ್ಕು ಸುಮ್ಮನಿರೋದು ಬೇಡ. ಎಲ್ಲರೂ ಸುಮ್ಮನೆ ಬಂದು ಹೋಗ್ಲಿ.”